ಜಲಜಾಳಿಗೆ ಹೇಳಿದ ಥ್ಯಾಂಕ್ ಯು

ಫಾಸ್ಟರ್ ಸಿಟಿ
11 ಮೇ 2025

ಪ್ರೀತಿಯ ನಿಸರ್ಗಾ,

ಕಳೆದ ಭಾನುವಾರ ನೀನು ಫೋನು ಮಾಡಿ, "ನಾನು ನಿಮ್ಮ ತಂಗಿ ಜಲಜಾ ಅವರ ಮಗಳು, ಲಾಸ್ ಆಲ್ಟೋಸಿನಲ್ಲಿದೀನಿ" ಅಂದೆಯಲ್ಲ, ಆ ಕರೆ ನಲವತ್ತೇಳು ನಿಮಿಷ ನಡೆಯಿತು. ಅದರಲ್ಲಿ ನೀನು ಮಾತಾಡಿದ್ದು ನಾಲ್ಕು ನಿಮಿಷ. ಉಳಿದದ್ದೆಲ್ಲ ನಾನು: ಫ್ರೀವೇ, ನಿನ್ನ ಗಂಡ ಗೌತಮನ ಊರು, ಬಸುರಿಯರು ಸೀಟ್ ಬೆಲ್ಟನ್ನು ಹೊಟ್ಟೆಯ ಕೆಳಗೆ ಹೇಗೆ ಹಾಕಿಕೊಳ್ಳಬೇಕು ಎಂಬ ಉಪನ್ಯಾಸ. ನೀನು ಕೇಳಬೇಕೆಂದು ಕಾದಿದ್ದ ಒಂದೇ ಪ್ರಶ್ನೆಯನ್ನು ಕೊನೆಯ ಅರ್ಧ ನಿಮಿಷದಲ್ಲಿ ಕೇಳಿದೆ: "ಮಾವ, ನೀವೂ ಅಮ್ಮಾನೂ ಯಾಕೆ ಮಾತು ಬಿಟ್ರಿ?" ನಾನು ಇನ್ನೊಂದು ಕರೆ ಬರುತ್ತಿದೆ ಅಂತ ಹೇಳಿ ಇಟ್ಟುಬಿಟ್ಟೆ. ಯಾವ ಕರೆಯೂ ಬಂದಿರಲಿಲ್ಲ.

ಅದಕ್ಕೇ ಈ ಕಾಗದ. ಮೂವತ್ತು ವರ್ಷದಿಂದ ಡ್ರೈವಿಂಗ್ ಕಲಿಸಿಕೊಂಡು ಬಂದವನು ನಾನು. ಕಲಿಯುವವರು ಗಾಬರಿಯಾಗದಿರಲಿ ಅಂತ ಪಕ್ಕದ ಸೀಟಿನಲ್ಲಿ ಕೂತು ಮಾತಾಡುತ್ತಲೇ ಇರುವುದು ನನ್ನ ಕಸುಬು. ಫೋನಿನಲ್ಲಿ ನಿನಗೆ ನನ್ನ ಹತ್ತಿರ ಸರದಿ ಸಿಗುವುದಿಲ್ಲ, ಕಾಗದದಲ್ಲಾದರೆ ಸಿಗುತ್ತದೆ.

ನನ್ನ ವಿವರ ಕೊಟ್ಟುಬಿಡುತ್ತೇನೆ. ವಯಸ್ಸು ಅರವತ್ನಾಲ್ಕು. ಹುಟ್ಟಿದ್ದು ಮಂಡ್ಯ. ಮದುವೆಯಿಲ್ಲ. 1987ರಲ್ಲಿ ರೇಷ್ಮೆ ಸೀರೆಗಳ ಪ್ರದರ್ಶನವೊಂದಕ್ಕೆ ಗಂಟು ಹೊರುವವನಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಗಂಟುಗಳನ್ನು ವಾಪಸ್ಸು ಕಳಿಸಿ ನಾನು ಉಳಿದುಕೊಂಡೆ. ಎಡಗಿವಿಯ ತುದಿ ಹುಟ್ಟಿನಿಂದ ಒಳಕ್ಕೆ ಮಡಚಿಕೊಂಡಿದೆ. ಸಿಗ್ನಲ್ಲಿನಲ್ಲಿ 'ದ್ವಾರಕಾ ಡ್ರೈವಿಂಗ್ ಸ್ಕೂಲ್' ಎಂಬ ಕಾರು ಕಂಡು, ಒಳಗೆ ಕೂತವನ ಕಿವಿ ಅಮ್ಮನ ಹಳೇ ಆಲ್ಬಮ್ಮಿನ ಕಿವಿಯೇ ಅಂತ ಗುರುತು ಹಿಡಿದೆ ಅಂದೆಯಲ್ಲ, ಆ ಕಿವಿ.

ಸೆಪ್ಟೆಂಬರಿನಲ್ಲಿ ಜಲಜಾ ನಿನ್ನ ಬಾಣಂತನಕ್ಕೆ ಬಂದು ಐದು ತಿಂಗಳು ಇರುತ್ತಾಳೆ ಅಂದೆ. ನಿನ್ನ ಮನೆಗೂ ನನ್ನ ಮನೆಗೂ ಹತ್ತೊಂಬತ್ತು ಮೈಲಿ. ಮಂಡ್ಯದಷ್ಟು ದೂರದಲ್ಲಿದ್ದಾಗ ಮಾತು ಬಿಟ್ಟಿರುವುದು ಸುಲಭ, ಹತ್ತೊಂಬತ್ತು ಮೈಲಿಯಲ್ಲಿ ಕಷ್ಟ. ಅವಳು ನನ್ನನ್ನು ಮನೆಗೆ ಸೇರಿಸುತ್ತಾಳೋ ಇಲ್ಲವೋ, ಕೇಳಿ ಬರಿ. ನನಗೆ ಬೇಕಾಗಿರುವುದು ಅಷ್ಟೇ.

ನೀನಿನ್ನೂ ಎದುರಿಗೆ ಭೇಟಿಯಾಗದ ಸೋದರಮಾವ,
ದ್ವಾರಕಾನಾಥ


ಲಾಸ್ ಆಲ್ಟೋಸ್
25 ಮೇ 2025

ಮಾವ,

ಪಿಯುಸಿ ಆದಮೇಲೆ ಕೈಯಲ್ಲಿ ಕನ್ನಡ ಬರೆಯುತ್ತಿರುವುದು ಇದೇ ಮೊದಲು, ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ. ಸ್ಟಾಂಪು ಎಲ್ಲಿ ಸಿಗುತ್ತೆ ಅಂತ ಗೌತಮನನ್ನು ಕೇಳಿದರೆ ಹಣೆ ಮುಟ್ಟಿ ನೋಡಿದ.

ಅಮ್ಮನನ್ನು ಕೇಳಿದೆ. ವಿಡಿಯೋ ಕಾಲಿನಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ನಿಮ್ಮ ಹೆಸರು ಕೇಳಿದ್ದೇ ಕೈ ನಿಂತಿತು.

"ಇದಾನಾ?"

"ಇದಾರೆ. ತುಂಬಾ ಮಾತಾಡ್ತಾರೆ."

"ಮಾತಾಡ್ತಾನಾ?" ಅಮ್ಮನಿಗೆ ನೀವು ಬದುಕಿರುವುದಕ್ಕಿಂತ ಇದೇ ದೊಡ್ಡ ಸುದ್ದಿಯಾಯಿತು. "ಈಗ ಮಾತಾಡ್ತಾನಾ?"

ಜಗಳ ಏನಕ್ಕೆ ಅಂದೆ. "ಅವನು ಅದ್ಯಾವುದೋ ಸೈಂಟಾಲಜಿ ಅನ್ನೋ ಚರ್ಚು ಸೇರ್ಕೊಂಡ. ಆಮೇಲೆ ಒಂದಿನ ನಂಗೆ ಥ್ಯಾಂಕ್ ಯು ಅಂದ. ಅಷ್ಟೇ."

"ಥ್ಯಾಂಕ್ ಯು ಅಂದಿದ್ದಕ್ಕೆ ಮೂವತ್ತೆರಡು ವರ್ಷಾನಾ ಅಮ್ಮ?"

"ನಿಂಗೆ ಊಟ ಆಯ್ತಾ?" ಅಂದರು. ಅಮ್ಮನ ಹತ್ತಿರ ಈ ಪ್ರಶ್ನೆ ಬಂದರೆ ಫೈಲು ಮುಚ್ಚಿತು ಅಂತ ಅರ್ಥ. ನಿಮ್ಮನ್ನು ನೋಡುತ್ತೀನಿ ಅಂತಲೂ ಹೇಳಲಿಲ್ಲ, ನೋಡಲ್ಲ ಅಂತಲೂ ಹೇಳಲಿಲ್ಲ.

ನಾನು ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಡಯಟೀಶಿಯನ್ನು. ನನ್ನ ಬಸ್ಸು ಈಗಿನ ಆ ಚರ್ಚಿನ ಮುಂದೆಯೇ ಹೋಗುತ್ತದೆ, ಪಿರಮಿಡ್ ಕಟ್ಟಡದ ಹತ್ತಿರ. ಪ್ರತಿ ಸಲ ಕತ್ತು ತಿರುಗಿಸಿ ನೋಡುತ್ತೇನೆ. ಒಳಗೆ ಏನು ಮಾಡುತ್ತಿದ್ದಿರಿ ಮಾವ? ಪ್ರಾರ್ಥನೆಯಾ? ಭಜನೆಯಾ? ಮಂಡ್ಯದಿಂದ ಬಂದು, ಅದೂ ಅಲ್ಲಿಗೆ, ಹೇಗೆ?

ಇನ್ನೊಂದು ವಿಷಯ. ನನ್ನ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕಿತ್ತಂತೆ. ಪಕ್ಕದ ಮನೆಯ ತಿರುಮಲೇಶ ಅಂಕಲ್ ತೊಡೆ ಕೊಟ್ಟರು. ಹಾಗಾಗಿ ನಿಮ್ಮ ಜಾಗ ಒಂದು ಖಾಲಿ ಇದೆ ಅಂತ ನನಗೆ ಬುದ್ಧಿ ಬಂದಾಗಿನಿಂದ ಗೊತ್ತು.

ನಿಸರ್ಗಾ


ಫಾಸ್ಟರ್ ಸಿಟಿ
8 ಜೂನ್ 2025

ನಿಸರ್ಗಾ,

ತಿರುಮಲೇಶನ ತೊಡೆ ಒಳ್ಳೆಯದೇ. ಸ್ಕೂಲಿನಲ್ಲಿ ಕಬಡ್ಡಿ ಆಡುತ್ತಿದ್ದ.

ಚರ್ಚಿನ ವಿಷಯ ಕೇಳಿದ್ದೀಯ. ಬಂದು ಮೂರು ವರ್ಷವಾಗಿತ್ತು. ಆರು ಮಹಡಿಯ ಪಾರ್ಕಿಂಗ್ ಗರಾಜಿನ ಗಾಜಿನ ಗೂಡಿನಲ್ಲಿ ಕೆಲಸ. ದಿನಕ್ಕೆ ಇನ್ನೂರ ಎಪ್ಪತ್ತರಿಂದ ಮುನ್ನೂರು ಕಾರು. ಮುನ್ನೂರು ಜನರಿಗೂ ನಾನು ಹೇಳುತ್ತಿದ್ದದ್ದು ಒಂದೇ ವಾಕ್ಯ, ಅವರು ಹೇಳುತ್ತಿದ್ದದ್ದು ಅರ್ಧ ವಾಕ್ಯ. ಮಂಡ್ಯದಲ್ಲಿ ನನ್ನ ಬಾಯಿ ಮುಚ್ಚಿಸಲು ಮೂರು ಜನ ಬೇಕಾಗುತ್ತಿತ್ತು. ಇಲ್ಲಿ ಯಾರೂ ಬೇಕಾಗಲಿಲ್ಲ, ತಾನಾಗಿ ಮುಚ್ಚಿಕೊಂಡಿತು. ನಗರ ಅಷ್ಟು ಚೆಲುವಾಗಿತ್ತು ಅನ್ನುವುದೂ ನಿಜವೇ. ಮಧ್ಯಾಹ್ನದ ಮಂಜು ಬೆಟ್ಟದ ಬೀದಿಗಳಲ್ಲಿ ಇಳಿದು ಬರುವುದನ್ನು ಗೂಡಿನೊಳಗಿಂದ ನೋಡುತ್ತಿದ್ದೆ. ಯಾರಿಗೆ ಹೇಳಲಿ?

ಒಂದು ದಿನ ಮಾರ್ಕೆಟ್ ಸ್ಟ್ರೀಟಿನಲ್ಲಿ ಒಬ್ಬ ತಡೆದು ನಿಲ್ಲಿಸಿ, "ನಿಮ್ಮ ಬಗ್ಗೆ ನಿಮಗೆ ಕುತೂಹಲ ಇದೆಯೇ?" ಅಂತ ಕೇಳಿದ. ಮೂರು ವರ್ಷದಲ್ಲಿ ಕಾರಿನ ಬಗ್ಗೆ ಅಲ್ಲದೆ ನನ್ನ ಬಗ್ಗೆ ಕೇಳಿದ ಮೊದಲ ಮನುಷ್ಯ. ಹಿಂದೆಯೇ ಹೋದೆ. ಇನ್ನೂರು ಪ್ರಶ್ನೆಗಳ ಒಂದು ಪರೀಕ್ಷೆ ಕೊಟ್ಟರು. ಆಮೇಲೆ ಗ್ರಾಫ್ ಕಾಗದದ ಮೇಲೆ ನನ್ನ ಸ್ವಭಾವ ನಮ್ಮ ಊರಿನ ರಸ್ತೆಯ ಹಾಗೆ ಏರಿಳಿಯುತ್ತಿತ್ತು. ಸೇರಿಕೊಂಡೆ. ದುಡ್ಡು ಕೊಟ್ಟೆ, ಪಾಠ ಕಲಿತೆ, ಅದು ಮುಗಿದ ಮಾತು.

ಭಜನೆ ಗಿಜನೆ ಇಲ್ಲ ಮಗಳೇ, ಪಾಠಶಾಲೆಯ ಹಾಗೆ. ಮೇಜು, ಪುಸ್ತಕ, ನಿಶ್ಶಬ್ದ. ಅರ್ಥವಾಗದ ಒಂದು ಪದವನ್ನೂ ದಾಟಿ ಮುಂದೆ ಹೋಗುವಂತಿಲ್ಲ, ಡಿಕ್ಷನರಿ ತೆಗೆಯಬೇಕು. ಮೊದಲ ಪುಟಕ್ಕೆ ನಾನು ಅರವತ್ತೊಂದು ಸಲ ತೆಗೆದೆ. ನನ್ನ ಇಂಗ್ಲಿಷ್ ಕಾಲಿನ ಮೇಲೆ ನಿಂತದ್ದು ಅಲ್ಲೇ, ಅದನ್ನು ಇಲ್ಲ ಅನ್ನಲಾರೆ. ಓದಿದ್ದನ್ನು ಜೇಡಿಮಣ್ಣಿನಲ್ಲಿ ಮಾಡಿ ತೋರಿಸಬೇಕು. ನನ್ನನ್ನೇ ಮಾಡು ಅಂದರು. ಮಾಡಿದೆ. "ಕಿವಿ ಯಾಕೆ ಮುರಿದಿದೆ?" ಅಂತ ಮೇಲ್ವಿಚಾರಕಿ ಕೇಳಿದಳು. ತಲೆ ತಿರುಗಿಸಿ ತೋರಿಸಿದೆ. ಬಿದ್ದು ಬಿದ್ದು ನಕ್ಕಳು.

ಇನ್ನು ಎರಡು ಕುರ್ಚಿಯ ಅಭ್ಯಾಸ. ಎದುರುಬದುರು ಕೂತು, ಕಣ್ಣು ತಪ್ಪಿಸದೆ, ಏನೂ ಹೇಳದೆ ಒಬ್ಬರನ್ನೊಬ್ಬರು ನೋಡುತ್ತಿರಬೇಕು. ಗಂಟೆಗಟ್ಟಲೆ. ನಾನು ಎರಡನೇ ನಿಮಿಷಕ್ಕೇ "ಯಾವೂರು ನಿಮ್ದು?" ಅಂದುಬಿಡುತ್ತಿದ್ದೆ. ಮತ್ತೆ ಮೊದಲಿನಿಂದ. ಅದು ಬಂದ ಮೇಲೆ ಮುಂದಿನ ಪಾಠ: ಎದುರಿನವರು ಏನೇ ಹೇಳಲಿ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡು, ನಿಮ್ಮ ಮಾತು ನನಗೆ ಮುಟ್ಟಿತು ಅನ್ನುವುದಕ್ಕೆ "ಥ್ಯಾಂಕ್ ಯು" ಅನ್ನಬೇಕು. ಸಲಹೆಯಿಲ್ಲ, ಸಮಾಧಾನವಿಲ್ಲ, ನನ್ನದೂ ಒಂದು ಕಥೆ ಅಂತ ಸೇರಿಸುವಂತಿಲ್ಲ. ಸಾವಿರ ಸಲ ಮಾಡಿದ್ದೇನೆ. ಕೊನೆಗೆ ಕ್ಲಾಸಿನಲ್ಲಿ ನಾನೇ ಮೊದಲಿಗ.

ಜಲಜಾಳಿಗೆ ಹೇಳಿದ ಥ್ಯಾಂಕ್ ಯು ಆ ಸಾವಿರದಲ್ಲಿ ಒಂದು. ಇವತ್ತು ಇಷ್ಟು ಸಾಕು. ಹತ್ತಕ್ಕೆ ಸರಿಯಾಗಿ ದೀಪಾಲಿ ಅನ್ನುವ ಹುಡುಗಿಗೆ ಇಳಿಜಾರಿನಲ್ಲಿ ಪಾರ್ಕಿಂಗ್ ಹೇಳಿಕೊಡಬೇಕು. ನನ್ನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಹನ್ನೆರಡು ತಪ್ಪು ಬರೆದಿದ್ದೇನೆ. ಹನ್ನೊಂದು ನಾನು ಮಾತಾಡಿಸುತ್ತಿದ್ದಾಗ ಆದವು.

ಹಾರೈಕೆಗಳೊಂದಿಗೆ,
ಮಾವ


ಲಾಸ್ ಆಲ್ಟೋಸ್
20 ಜುಲೈ 2025

ಮಾವ,

ಎರಡು ಕುರ್ಚಿ ಹಾಕಿಕೊಂಡು ನಾನೂ ಗೌತಮನೂ ಪ್ರಯತ್ನ ಮಾಡಿದೆವು. ತೊಂಬತ್ತು ಸೆಕೆಂಡು ದಾಟಲಿಲ್ಲ. "ನಿನ್ನ ಹುಬ್ಬು ಒಂದು ಮೇಲೆ ಒಂದು ಕೆಳಗೆ ಇದೆ ಕಣೇ, ಮದುವೆಯಾಗಿ ಮೂರು ವರ್ಷ ಆದ್ರೂ ಗೊತ್ತೇ ಇರ್ಲಿಲ್ಲ" ಅಂದ.

ನಿಮ್ಮ ಕಾಗದ ಮೂರು ಸಲ ಓದಿದೆ. ಮಂಜು, ಮಣ್ಣು, ಡಿಕ್ಷನರಿ, ಎಲ್ಲ ಇದೆ. ಒಂದು ಇಲ್ಲ. ಥ್ಯಾಂಕ್ ಯು ನೀವು ಹೇಳಿದ್ದು. ಅದಕ್ಕೆ ಮುಂಚೆ ಅಮ್ಮ ಏನು ಹೇಳಿದ್ದರು?

ನಿಸರ್ಗಾ


ಫಾಸ್ಟರ್ ಸಿಟಿ
3 ಆಗಸ್ಟ್ 2025

ನಿಸರ್ಗಾ,

ಅದು ಜಲಜಾಳ ಮಾತು. ಅದನ್ನು ನಾನು ಹೇಳುವ ಹಾಗಿಲ್ಲ. ಅದರಲ್ಲೂ ನಿನಗೆ, ಅದರಲ್ಲೂ ಈ ತಿಂಗಳುಗಳಲ್ಲಿ. ಹೆರಿಗೆಯಾಗಲಿ.

ಕಾರಿನಲ್ಲಿ ಮಗುವಿನ ಸೀಟು ಹಿಂದಕ್ಕೆ ಮುಖ ಮಾಡಿ ಹಾಕಬೇಕು. ಗೌತಮನಿಗೆ ಬರದಿದ್ದರೆ ಬೆಲ್ಟು ಬಿಗಿಯುವುದನ್ನು ನಾನು ರಸ್ತೆಯಲ್ಲೇ ನಿಂತು ತೋರಿಸಿಕೊಡುತ್ತೇನೆ. ಮನೆಯೊಳಗೆ ಬರುವುದಿಲ್ಲ.

ದ್ವಾರಕಾನಾಥ


ಲಾಸ್ ಆಲ್ಟೋಸ್
2 ನವೆಂಬರ್ 2025

ಮಾವ,

ಅಕ್ಟೋಬರ್ ಹದಿನಾಲ್ಕಕ್ಕೆ ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದೇವೆ. ನೀವು ರಸ್ತೆಯಲ್ಲಿ ನಿಂತು ಸೀಟು ಕಟ್ಟಿಕೊಟ್ಟು ಹೋದದ್ದನ್ನು ಅಮ್ಮ ಕಿಟಕಿಯಿಂದ ನೋಡಿದ್ದಾರೆ. "ಕೂದಲೆಲ್ಲ ಹೋಗಿದೆ" ಅಂದರು, ಅಷ್ಟೇ.

ಮಗು ಹುಟ್ಟಿದ ಮೂರನೇ ದಿನ ಅಮ್ಮ ಬೆಳಗಿನಿಂದ ತೊಟ್ಟಿಲ ಪಕ್ಕದಿಂದ ಏಳಲಿಲ್ಲ. ಸ್ನಾನ ಇಲ್ಲ, ತಿಂಡಿ ಇಲ್ಲ. ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು, ಮತ್ತೆ ಕೂರುವುದು. "ಏನಮ್ಮ ಇದು, ಮಗು ಆರಾಮಾಗಿದೆ" ಅಂದೆ. ಸಂಜೆ ಆರು ದಾಟಿದ ಮೇಲೆ ಹೇಳಿದರು. ನನಗಿಂತ ಮೊದಲು ಒಂದು ಗಂಡು ಮಗು ಇತ್ತು ಅಂತ. 1993ರ ಫೆಬ್ರವರಿ, ಮೂರು ದಿನ.

ನನಗೆ ಇಪ್ಪತ್ತೊಂಬತ್ತು ವರ್ಷ ಮಾವ. ಅಣ್ಣ ಒಬ್ಬ ಇದ್ದ ಅಂತ ಗೊತ್ತಾದದ್ದು ಆವತ್ತು.

ಆಗ ಹೆರಿಗೆಯಾದ ಐದನೇ ದಿನ ಅಮ್ಮ ಬಾಣಂತಿ ತಲೆಗೆ ಶಾಲು ಸುತ್ತಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ಅಜ್ಜಿಗೆ ಹೇಳದೆ ಮನೆ ಬಿಟ್ಟು ಬೀದಿ ಕೊನೆಯ ಎಸ್‌ಟಿಡಿ ಬೂತಿಗೆ ಹೋದರಂತೆ. ರಿಸೀವರು ಇಡಲಿಕ್ಕೆ ಒಂದು ಕಿವಿಯ ಹತ್ತಿ ತೆಗೆದರಂತೆ. "ಅಣ್ಣ ಅಳ್ತಾನೆ, ಬೈತಾನೆ, ಏನೋ ಒಂದು ಬಡಬಡ ಅಂತಾನೆ ಅಂತ ಹೋದೆ. ಹನ್ನೊಂದು ನಿಮಿಷ ಉಸಿರು ಬಿಡದೆ ಕೇಳಿ, ಬ್ಯಾಂಕಿನೋರ ಥರ ಥ್ಯಾಂಕ್ ಯು ಜಲಜಾ ಅಂದ."

ಯಾಕೆ ಮಾವ? ಇದನ್ನು ನನಗೆ ಬರೆಯಬೇಡಿ. ಅಮ್ಮನಿಗೆ ಬರೆಯಿರಿ. ಕಾಗದ ಬಂದರೆ ಓದುತ್ತೀಯಾ ಅಂತ ಕೇಳಿದ್ದೇನೆ. "ನಿಂಗೆ ಊಟ ಆಯ್ತಾ" ಅನ್ನಲಿಲ್ಲ.

ನಿಸರ್ಗಾ


ಫಾಸ್ಟರ್ ಸಿಟಿ
9 ನವೆಂಬರ್ 2025

ಜಲಜಾ,

ಆವತ್ತು ನನಗೆ ಬೆಳಗಿನ ಏಳು ಗಂಟೆ, ನಿನಗೆ ರಾತ್ರಿ ಎಂಟೂವರೆ. ನಾನಿದ್ದ ವಸತಿಯಲ್ಲಿ ಇಪ್ಪತ್ತೆರಡು ರೂಮಿಗೆ ಒಂದು ಫೋನು, ಮೆಟ್ಟಿಲ ಕೆಳಗೆ. ನನ್ನ ಹಿಂದೆ ಇಬ್ಬರು ಸರದಿಗೆ ನಿಂತಿದ್ದರು. ನೀನು ಹೇಳುತ್ತಾ ಹೋದೆ. ಬಾಯಿಗೆ ಬಂದದ್ದನ್ನೆಲ್ಲ ನುಂಗಿದೆ. ಅಯ್ಯೋ ಅನ್ನಲಿಲ್ಲ. ಹೇಗಾಯ್ತೇ ಅನ್ನಲಿಲ್ಲ. ಇಷ್ಟು ಸರಿಯಾಗಿ ನಾನು ಯಾರ ಮಾತನ್ನೂ ಕೇಳಿಸಿಕೊಂಡಿರಲಿಲ್ಲ, ಇದಕ್ಕಿಂತ ದೊಡ್ಡದನ್ನು ನನ್ನ ತಂಗಿಗೆ ಕೊಡಲಾರೆ ಅಂತ ಅಂದುಕೊಂಡೆ. ಕಲಿತದ್ದನ್ನು ಕಲಿತ ಹಾಗೆ ಹೇಳಿದೆ. ಇನ್ನೂ ಕೇಳು: ಎರಡು ಗಂಟೆ ಬಿಟ್ಟು ಕ್ಲಾಸಿಗೆ ಹೋಗಿ, ಇವತ್ತು ಒಂದು ಕರೆಯನ್ನು ನಡುವೆ ಬಾಯಿ ಹಾಕದೆ ಕೇಳುವುದು ನನ್ನಿಂದ ಆಯಿತು ಅಂತ ಎಲ್ಲರಿಗೂ ಹೇಳಿಕೊಂಡೆ. ಚಪ್ಪಾಳೆ ತಟ್ಟಿದರು. ಅವರಿಗೇನು ಗೊತ್ತು ಪಾಪ, ನಾನು ಹೇಳಿದ್ದಷ್ಟು.

ಮೂರು ವಾರ ಕಳೆದು ಒಂದು ಮಧ್ಯಾಹ್ನ, ಅಲ್ಲಿಯ ಪದ್ಧತಿಯಂತೆ ಎರಡು ಕೈಯಲ್ಲಿ ಎರಡು ತಗಡಿನ ಡಬ್ಬಿ ಹಿಡಿದು ಕೂತಿದ್ದೆ. ಅದಕ್ಕೆ ಒಂದು ಯಂತ್ರ, ಮನಸ್ಸಿನ ಭಾರ ತೋರಿಸುತ್ತದೆ ಅನ್ನುವ ಒಂದು ಮುಳ್ಳು. ಎದುರಿಗೆ ವಯಸ್ಸಾದ ಒಬ್ಬ ಹೆಂಗಸು, ಒಳ್ಳೆಯವಳು. ಮನಸ್ಸಿನಲ್ಲಿ ಏನಿದೆ ಅಂದಳು. ನನ್ನ ತಂಗಿಯ ಮಗು ಹೋಯಿತು ಅಂದೆ. ಆವತ್ತು ಮೊದಲ ಸಲ ಅದು ನನ್ನ ಬಾಯಿಂದ ಬಂದದ್ದು. ಅವಳು ಪೂರ್ತಿ ಕೇಳಿಸಿಕೊಂಡು, ತುಂಬ ಮೃದುವಾಗಿ, "ಥ್ಯಾಂಕ್ ಯು" ಅಂದಳು. ಅವಳ ತಪ್ಪು ಒಂದು ಚೂರೂ ಇಲ್ಲ, ಅವಳು ಮಾಡಬೇಕಾದದ್ದೇ ಅದು, ನಾನು ಹೋಗಿದ್ದದ್ದೂ ಅದಕ್ಕೇ. ಆದರೆ ನನ್ನ ಕಿವಿಗೆ ಬಿದ್ದಾಗ ಗೊತ್ತಾಯಿತು, ನೀನು ಬೂತಿನಲ್ಲಿ ನಿಂತು ಏನು ಕೇಳಿಸಿಕೊಂಡೆ ಅಂತ. ಡಬ್ಬಿ ಕೆಳಗಿಟ್ಟೆ. ಆ ತಿಂಗಳು ಹೋಗುವುದನ್ನು ಬಿಟ್ಟೆ. ಮತ್ತೆ ಮಾತಾಡಲು ಶುರು ಮಾಡಿದೆ. ಇವತ್ತಿನವರೆಗೂ ನಿಲ್ಲಿಸಿಲ್ಲ.

ಆಮೇಲೆ ನಿನಗೆ ಮೂರು ಕಾಗದ ಹಾಕಿದೆ. ಮೂರರಲ್ಲೂ ತಪ್ಪಾಯಿತು ಅಂತ ಬರೆದೆ. ಮೂರರಲ್ಲೂ ನನ್ನ ವಿಷಯವೇ. ಮಗುವಿನ ಮಾತು ಎತ್ತಿದರೆ ನಿನಗೆ ನೋವಾದೀತು ಅಂತ ಬಿಟ್ಟೆ. ನೀನು ಉತ್ತರ ಬರೆಯದಿದ್ದದ್ದು ಯಾಕೆ ಅಂತ ಈ ವಾರ ನಿಸರ್ಗಾಳ ಕಾಗದ ಕೈಯಲ್ಲಿ ಹಿಡಿದು ಕೂತಾಗ ಹೊಳೆಯಿತು. ಅವಳು ನಾಲ್ಕು ನಿಮಿಷ ಸಿಕ್ಕರೂ ಒಂದು ಪ್ರಶ್ನೆ ಕೇಳುವವಳು. ನಾನು ಮೂವತ್ತೆರಡು ವರ್ಷ ಸಿಕ್ಕರೂ ಒಂದೂ ಕೇಳಲಿಲ್ಲ.

ಈಗ ಕೇಳುತ್ತೇನೆ. ತಡವಾಗಿದೆ ಅಂತ ಗೊತ್ತು.

ಮಗು ಯಾರ ಹಾಗಿತ್ತೇ? ಕಪ್ಪಗಿತ್ತಾ ನಮ್ಮ ಹಾಗೆ, ಭಾವನ ಬಣ್ಣವಾ? ತಲೆಯಲ್ಲಿ ಕೂದಲಿತ್ತಾ? ಎಷ್ಟು ತೂಕ ಇತ್ತು? ಕಣ್ಣು ಬಿಟ್ಟಿತ್ತಾ, ನಿನ್ನನ್ನು ನೋಡಿತಾ? ಅಳು ಜೋರಾಗಿತ್ತಾ? ಹೆಸರು ಅಂತ ಏನಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆಯಾ?

ನಿನ್ನ ಅಣ್ಣ


ಲಾಸ್ ಆಲ್ಟೋಸ್
16 ನವೆಂಬರ್ 2025

ಅಣ್ಣ,

ಕಪ್ಪಗಿತ್ತು, ನಮ್ಮ ಹಾಗೆ. ತಲೆ ತುಂಬ ಕೂದಲು, ನೆತ್ತಿಯಲ್ಲಿ ಸುಳಿ. ಐದೂಕಾಲು ಪೌಂಡು ಅಂತ ನರ್ಸು ಚೀಟಿಯಲ್ಲಿ ಬರೆದುಕೊಟ್ಟಿದ್ದಳು, ಆ ಚೀಟಿ ನನ್ನ ಹತ್ತಿರ ಇದೆ. ಎರಡನೇ ದಿನ ಕಣ್ಣು ಬಿಟ್ಟಿತು, ನನ್ನನ್ನು ನೋಡಲಿಲ್ಲ, ಕಿಟಕಿ ನೋಡಿತು. ಅಳು ಜೋರಿರಲಿಲ್ಲ. ಹೆಸರು ಇವರಿಗೂ ಹೇಳಿರಲಿಲ್ಲ, ನಿನಗೆ ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಅಮ್ಮ ಮರೆತುಬಿಡು ಅಂದಳು. ಇವರು ಮುಂದಿನದು ನೋಡೋಣ ಅಂದರು. ಹೇಗಿತ್ತು ಅಂತ ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ. ನಿನ್ನ ಮೂರು ಕಾಗದವನ್ನೂ ಅದಕ್ಕೆಂದೇ ಒಡೆದು ನೋಡಿದೆ. ಆ ಪ್ರಶ್ನೆ ಇರಲಿಲ್ಲ, ಪೆಟ್ಟಿಗೆಗೆ ಹಾಕಿದೆ.

ಗುರುವಾರ ಹನ್ನೊಂದಕ್ಕೆ ಮಗುವಿಗೆ ಎಣ್ಣೆನೀರು. ಎತ್ತಿ ಕೊಡಲು ಇನ್ನೊಂದು ಜೊತೆ ಕೈ ಬೇಕು, ಗೌತಮನಿಗೆ ಆಫೀಸು. ಬಾ. ಬಂದವನು ಬಾಯಿ ಮುಚ್ಚಿಕೊಂಡು ಕೂರಬೇಡ, ಈ ಊರಿನಲ್ಲಿ ಹಗಲೆಲ್ಲ ಒಂದು ನಾಯಿಯೂ ಬೊಗಳುವುದಿಲ್ಲ, ನನಗೆ ತಲೆ ಕೆಟ್ಟುಹೋಗಿದೆ.

ಇನ್ನೊಂದು ನೀನು ಕೇಳಿಲ್ಲ, ನಾನೇ ಹೇಳುತ್ತೇನೆ. ಅದರ ಎಡಗಿವಿಯ ತುದಿ ನಿನ್ನದರ ಹಾಗೇ ಒಳಕ್ಕೆ ಮಡಚಿಕೊಂಡಿತ್ತು. ಆವತ್ತು ಬೂತಿಗೆ ಹೋದದ್ದು ಅದನ್ನು ನಿನಗೆ ಹೇಳಬೇಕು ಅಂತಲೇ, ಆ ಮಾತು ಬರುವ ಮೊದಲೇ ನೀನು ಥ್ಯಾಂಕ್ ಯು ಅಂದೆ.

ಜಲಜಾ